ತುವಾಲು ಸಿಕ್ಕಿತು ಅಂತ ಮುಖ ಸಣ್ಣ ಮಾಡ್ಕೋಬೇಡಿ

ಮಾಡೆಲ್ ಯುಎನ್ ಅನ್ನುವ ಅಣಕು ವಿಶ್ವಸಂಸ್ಥೆ ಸಮ್ಮೇಳನಕ್ಕೆ ಹೆಸರು ಕೊಟ್ಟ ಯಾವುದೇ ವಿದ್ಯಾರ್ಥಿ ತಂಡವನ್ನು ಗಮನಿಸಿ. ಯಾರು ಯಾವ ದೇಶದ ಪ್ರತಿನಿಧಿ ಅನ್ನುವ ಹಂಚಿಕೆ ಪಟ್ಟಿ ಬಂದ ದಿನ ಮುಖ ನೋಡಿದರೇ ಸಾಕು, ಯಾರಿಗೆ ಯಾವುದು ಸಿಕ್ಕಿದೆ ಅಂತ ಹೇಳಿಬಿಡಬಹುದು. ಅಮೆರಿಕ, ರಷ್ಯಾ, ಚೀನಾ ಸಿಕ್ಕವರು ಆಗಲೇ ಸ್ಟೇಟಸ್ ಹಾಕಿರುತ್ತಾರೆ. ತುವಾಲು, ಮಾಲ್ಟಾ, ಚಾಡ್ ಸಿಕ್ಕವರು ಮ್ಯಾಪ್ ತೆರೆದುಕೊಂಡು ಆ ದೇಶ ಎಲ್ಲಿದೆ ಅಂತ ಹುಡುಕುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಒಂದು ಮೆಸೇಜ್ ಬರುತ್ತದೆ: "ಮೇಡಂ, ದೇಶ ಬದಲಾಯಿಸೋಕೆ ಆಗುತ್ತಾ?"

ನಾನು ಇಂಥ ಸಮ್ಮೇಳನಗಳಲ್ಲಿ ಮೊದಲು ಡೆಲಿಗೇಟ್, ಅಂದರೆ ಒಂದು ದೇಶದ ಪ್ರತಿನಿಧಿ ಆಗಿದ್ದೆ, ಆಮೇಲೆ ಚೇರ್ ಆಗಿ, ಅಂದರೆ ಸಭೆ ನಡೆಸುವವಳಾಗಿ, ವೇದಿಕೆ ಮೇಲೆ ಕೂತು ನೋಡಿದ್ದೇನೆ. ಅಲ್ಲಿಂದ ನೋಡಿದ ಮೇಲೆ ನನಗೆ ಅನಿಸುವುದು ಇಷ್ಟು: ಭಾಷಣ ಕಲಿಯಬೇಕು ಅಂದರೆ ದೊಡ್ಡ ದೇಶ ತಗೊಳ್ಳಿ. ರಾಜತಾಂತ್ರಿಕತೆ ಕಲಿಯಬೇಕು ಅಂದರೆ ಸಣ್ಣ ದೇಶವನ್ನು ಕೇಳಿ ಪಡೆಯಿರಿ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಾಡೆಲ್ ಯುಎನ್ ಅಂದರೆ ವಿದ್ಯಾರ್ಥಿಗಳ ಅಣಕು ವಿಶ್ವಸಂಸ್ಥೆ. ನಾನಾ ದೇಶಗಳ ಹುಡುಗ ಹುಡುಗಿಯರು ತಮ್ಮದಲ್ಲದ ಒಂದು ದೇಶದ ಪ್ರತಿನಿಧಿಗಳಾಗಿ ಕೂರುತ್ತಾರೆ. ಚರ್ಚೆ ಮಾಡಿ, ನಿರ್ಣಯ ಬರೆದು, ಮತಕ್ಕೆ ಹಾಕುತ್ತಾರೆ. ತಮಾಷೆ ಏನು ಗೊತ್ತಾ, ಈ ಆಟ ವಿಶ್ವಸಂಸ್ಥೆಗಿಂತಲೂ ಹಳೆಯದು. ವಿಶ್ವಸಂಸ್ಥೆ ಹುಟ್ಟಿದ್ದು 1945ರಲ್ಲಿ. 1920ರ ದಶಕದಲ್ಲೇ ವಿಶ್ವವಿದ್ಯಾಲಯಗಳಲ್ಲಿ ವಿಶ್ವಸಂಸ್ಥೆಗೆ ಮುಂಚೆ ಇದ್ದ ದೇಶಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್‌ನ ಅಣಕು ಸಭೆಗಳು ನಡೆಯುತ್ತಿದ್ದವು. ಅಸಲಿ ಲೀಗ್ ಬಾಗಿಲು ಹಾಕಿತು, ಅಣಕು ಉಳಿದುಕೊಂಡಿತು.

ಈಗ ದೊಡ್ಡ ದೇಶದ ವಿಷಯಕ್ಕೆ ಬರೋಣ. ಭದ್ರತಾ ಮಂಡಳಿಯಲ್ಲಿ 15 ಸದಸ್ಯರು. ನಿರ್ಣಯ ಪಾಸಾಗೋಕೆ 9 ಮತ ಬೇಕು. ಆದರೆ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಅನ್ನುವ ಐದು ಕಾಯಂ ಸದಸ್ಯರಲ್ಲಿ ಒಬ್ಬರು ವಿಟೊ ಹಾಕಿದರೆ ಉಳಿದ 14 ಜನ ಕೈ ಎತ್ತಿದರೂ ಪ್ರಯೋಜನ ಇಲ್ಲ. ಹತ್ತೊಂಬತ್ತು, ಇಪ್ಪತ್ತು ವಯಸ್ಸಿನ ಹುಡುಗನ ಕೈಗೆ ಇಂಥ ಅಧಿಕಾರ ಕೊಟ್ಟು ನೋಡಿ. ಮೊದಲ ಗಂಟೆಯಲ್ಲೇ "ಇದು ಹೀಗೇ ಇದ್ದರೆ ನಾವು ವಿಟೊ ಮಾಡ್ತೀವಿ" ಅಂತ ಶುರುಮಾಡುತ್ತಾನೆ. ಅವನು ಯಾರ ಹತ್ತಿರವೂ ಹೋಗಬೇಕಾಗಿಲ್ಲ, ಎಲ್ಲರೂ ಅವನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. ಅವನು ಚೆನ್ನಾಗಿ ಮಾತಾಡುತ್ತಾನೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಇನ್ನೊಬ್ಬರನ್ನು ಒಪ್ಪಿಸುವುದು ಹೇಗೆ ಅನ್ನುವ ಪ್ರಶ್ನೆ ಅವನಿಗೆ ಎದುರಾಗುವುದೇ ಇಲ್ಲ.

ಸಣ್ಣ ದೇಶದವರ ಪಾಡು ಬೇರೆ. ಹೆದರಿಸೋಕೆ ಸೈನ್ಯ ಇಲ್ಲ, ಆಸೆ ತೋರಿಸೋಕೆ ದುಡ್ಡಿಲ್ಲ. ಇರುವುದು ಒಂದು ಮತ. ಆದರೆ ಮಹಾಸಭೆಯಲ್ಲಿ ಆ ಒಂದು ಮತಕ್ಕೆ ಚೀನಾದ ಮತದಷ್ಟೇ ಬೆಲೆ. 193 ದೇಶಗಳಿಗೂ ತಲಾ ಒಂದೇ ಮತ. ಇದನ್ನು ಇಟ್ಟುಕೊಂಡು ಏನು ಮಾಡಬಹುದು ಅನ್ನುವುದಕ್ಕೆ ಅಸಲಿ ವಿಶ್ವಸಂಸ್ಥೆಯಲ್ಲೇ ಎಂಥ ಉದಾಹರಣೆಗಳಿವೆ ಅಂತೀರಿ.

ಮಾಲ್ಟಾ ವಿಶ್ವಸಂಸ್ಥೆ ಸೇರಿದ್ದು 1964ರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ. ಮೂರು ವರ್ಷ ಕಳೆಯಿತು. 1967ರ ನವೆಂಬರ್ 1ರಂದು ಅದರ ರಾಯಭಾರಿ ಆರ್ವಿಡ್ ಪಾರ್ಡೊ ಎದ್ದು ನಿಂತು, ಯಾವ ದೇಶದ ಗಡಿಗೂ ಸೇರದ ಸಾಗರತಳ ಇಡೀ ಮನುಕುಲದ ಆಸ್ತಿ ಆಗಬೇಕು ಅಂದರು. ಬಲಾಢ್ಯ ದೇಶಗಳು ಸಮುದ್ರದಡಿಯ ಖನಿಜದ ಮೇಲೆ ಕಣ್ಣಿಡುತ್ತಿದ್ದ ಕಾಲ ಅದು. ಆ ಮಾತು ಅಲ್ಲಿಗೇ ಮುಗಿಯಲಿಲ್ಲ. ವರ್ಷಗಟ್ಟಲೆ ಮಾತುಕತೆ ನಡೆದು 1982ರಲ್ಲಿ ಸಮುದ್ರ ಕಾನೂನಿನ ಒಪ್ಪಂದ ಆಯಿತು, 1994ರಲ್ಲಿ ಜಾರಿಗೂ ಬಂತು. ಪಾರ್ಡೊ ಕೇಳಿದ್ದೆಲ್ಲ ಅದರಲ್ಲಿ ಸಿಗಲಿಲ್ಲ. ಆದರೂ ಮೂರು ವರ್ಷದ ಹೊಸ ಸದಸ್ಯ ಎತ್ತಿದ ಪ್ರಶ್ನೆಗೆ ಇಡೀ ಜಗತ್ತು ಕೂತು ಉತ್ತರ ಬರೆಯಬೇಕಾಯಿತು.

ಇನ್ನೊಂದು ಕಥೆ ವಿದ್ಯಾರ್ಥಿಗಳದ್ದೇ. 2019ರಲ್ಲಿ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳಿಗೆ ಒಂದು ಯೋಚನೆ ಬಂತು. ಹವಾಮಾನ ಬದಲಾವಣೆ ವಿಷಯದಲ್ಲಿ ದೇಶಗಳಿಗೆ ಕಾನೂನಿನ ಪ್ರಕಾರ ಏನು ಹೊಣೆ ಇದೆ ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿಬಿಡೋಣ ಅಂತ. ವಿದ್ಯಾರ್ಥಿಗಳು ನೇರವಾಗಿ ಕೇಳುವ ಹಾಗಿಲ್ಲ, ಸರ್ಕಾರ ಬೇಕು. ಪೆಸಿಫಿಕ್ ದ್ವೀಪಗಳ ಸರ್ಕಾರಗಳಿಗೆ ಪತ್ರ ಬರೆದರು. ಸುಮಾರು ಮೂರು ಲಕ್ಷ ಜನರಿರುವ ವನುವಾಟು ಕೈ ಹಿಡಿಯಿತು. 2023ರ ಮಾರ್ಚ್ 29ರಂದು ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸುವ ನಿರ್ಣಯವನ್ನು ಮಹಾಸಭೆ ಮತದಾನವೂ ಇಲ್ಲದೆ ಒಮ್ಮತದಿಂದ ಒಪ್ಪಿತು. 130ಕ್ಕೂ ಹೆಚ್ಚು ದೇಶಗಳು ಜೊತೆಗೆ ನಿಂತಿದ್ದವು. 2025ರ ಜುಲೈನಲ್ಲಿ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು: ಹೊಣೆ ಇದೆ, ಮೀರಿದರೆ ಪರಿಣಾಮವೂ ಇದೆ ಅಂತ. ಅದು ಸಲಹಾ ಅಭಿಪ್ರಾಯ, ಯಾರನ್ನೂ ಕಟ್ಟಿಹಾಕುವ ತೀರ್ಪಲ್ಲ, ನಿಜ. ಆದರೆ ಕ್ಲಾಸ್‌ರೂಮಿನಲ್ಲಿ ಹುಟ್ಟಿದ ಪ್ರಶ್ನೆ ಹೇಗ್‌ನ ನ್ಯಾಯಪೀಠದವರೆಗೆ ಹೋಯಿತಲ್ಲ! ಅಣಕು ಸಭೆಯಲ್ಲಿ ವನುವಾಟು ಹೆಸರಿನ ಫಲಕ ಸಿಕ್ಕಿತು ಅಂತ ಬೇಜಾರು ಮಾಡಿಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಅಣಕು ಸಭೆಯಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನನ್ನ ಕಮಿಟಿಯದ್ದೇ ಒಂದು ಪ್ರಸಂಗ ಹೇಳ್ತೀನಿ. ವಿಷಯ ಹವಾಮಾನ ನಿಧಿ. ಎರಡು ಗುಂಪು ಆಗಿತ್ತು. ಒಂದು ಗುಂಪು ಶ್ರೀಮಂತ ದೇಶಗಳದ್ದು, ಇನ್ನೊಂದು ದೊಡ್ಡ ಅಭಿವೃದ್ಧಿಶೀಲ ದೇಶಗಳದ್ದು. ಎಷ್ಟು ದುಡ್ಡು, ಯಾರು ಕೊಡಬೇಕು ಅಂತ ಬೆಳಿಗ್ಗೆಯಿಂದ ಜಗಳ. ಅನ್‌ಮಾಡರೇಟೆಡ್ ಕಾಕಸ್ ಶುರುವಾಯಿತು. ಅಂದರೆ ಕುರ್ಚಿ ಬಿಟ್ಟು ಎದ್ದು, ಓಡಾಡಿಕೊಂಡು, ಗುಂಪಾಗಿ ಮಾತಾಡುವ ಸಮಯ. ಕಿರುಚಾಟ ಜೋರಾಗಿತ್ತು, ಒಂದು ಲ್ಯಾಪ್‌ಟಾಪಿನ ಸುತ್ತ ಹತ್ತು ತಲೆ.

ತುವಾಲು ಪ್ರತಿನಿಧಿಯಾಗಿದ್ದ ಹುಡುಗಿ ಬೆಳಿಗ್ಗೆಯಿಂದ ಒಂದೇ ಸಲ ಮಾತಾಡಿದ್ದಳು. ಈಗ ಕೈಯಲ್ಲೊಂದು ಹಾಳೆ ಹಿಡಿದು ಮೊದಲ ಗುಂಪಿಗೆ ಹೋದಳು. "ಎಷ್ಟು ಕೊಡ್ತೀರಿ ಅಂತ ನಾನು ಕೇಳಲ್ಲ. ಕೊಡುವ ದುಡ್ಡಿಗೆ ಅರ್ಜಿ ಹಾಕೋದನ್ನ ಸುಲಭ ಮಾಡಿ. ನಮ್ಮದು ಹತ್ತು ಹನ್ನೊಂದು ಸಾವಿರ ಜನರ ದೇಶ. ಅಷ್ಟು ಕಾಗದ ಪತ್ರ ತುಂಬೋಕೆ ನಮ್ಮಲ್ಲಿ ಜನ ಇಲ್ಲ" ಅಂದಳು. ಅವರಿಗೆ ಇದರಿಂದ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಸರಿ ಅಂದರು. ಅದೇ ಹಾಳೆ ಹಿಡಿದು ಎರಡನೇ ಗುಂಪಿಗೆ ಹೋದಳು. ಅವರೂ ಸರಿ ಅಂದರು. ಎರಡೂ ಗುಂಪಿನ ಕರಡು ನಿರ್ಣಯಗಳಲ್ಲಿ ಅದೇ ಪ್ಯಾರಾ ಬಂತು. ಎರಡು ಗುಂಪೂ ಒಪ್ಪಿದ ಒಂದೇ ಒಂದು ವಿಷಯ ಅದಾಗಿತ್ತು, ಹಾಗಾಗಿ ಕರಡುಗಳನ್ನು ಸೇರಿಸುವ ಮಾತು ಬಂದಾಗ ಅಲ್ಲಿಂದಲೇ ಶುರುಮಾಡಬೇಕಾಯಿತು. ಪೆನ್ನು ಅವಳ ಕೈಯಲ್ಲಿತ್ತು.

ಬೆಸ್ಟ್ ಡೆಲಿಗೇಟ್ ಪ್ರಶಸ್ತಿ ಯಾರಿಗೆ ಹೋಯಿತು ಅಂತೀರಾ? ಅವಳಿಗಲ್ಲ. ಅಂಕ ಹಾಕುವ ಪಟ್ಟಿಯಲ್ಲಿ ಭಾಷಣ ಎಷ್ಟು ಸಲ, ಮೋಷನ್ (ಸಭೆಯ ಮುಂದಿಡುವ ಪ್ರಸ್ತಾಪ) ಎಷ್ಟು ಸಲ ಅಂತ ಕಾಲಮ್ ಇತ್ತು. ಹಾಳೆ ಹಿಡಿದು ಓಡಾಡಿದ್ದಕ್ಕೆ ಕಾಲಮ್ ಇರಲಿಲ್ಲ. ನಾನು ವಾದ ಮಾಡಿದೆ, ಆಯೋಜಕರು ನಿಯಮ ಅಂದರು.

ಈ ಪ್ರಶಸ್ತಿಗಳ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡಲ್ಲ. ಗೆಲ್ಲುವ ಹುಚ್ಚು ಬಂದ ಕೂಡಲೇ ರಾಜತಾಂತ್ರಿಕರು ಮಾಯವಾಗಿ ಸ್ಪರ್ಧಿಗಳು ಉಳಿಯುತ್ತಾರೆ. ಇನ್ನೊಬ್ಬರ ಪೆನ್‌ಡ್ರೈವ್ ಅಡಗಿಸಿಟ್ಟವರನ್ನು ನೋಡಿದ್ದೇನೆ. ತಮ್ಮ ಕರಡಿಗೆ ಹೆಸರು ಬೇಕು ಅಂತ ಒಳ್ಳೆಯ ತಿದ್ದುಪಡಿ ತಳ್ಳಿಹಾಕಿದವರೂ ಇದ್ದಾರೆ. ಇಂಗ್ಲಿಷ್ ನೀರು ಕುಡಿದ ಹಾಗೆ ಬರುವವರಿಗೆ ಮೊದಲೇ ಅರ್ಧ ಅಂಕ ಬಿದ್ದಿರುತ್ತದೆ. ವಿಶ್ವಸಂಸ್ಥೆಯಲ್ಲಿ ಆರು ಅಧಿಕೃತ ಭಾಷೆಗಳಿವೆ, ಅನುವಾದಕರು ಕೂತಿರುತ್ತಾರೆ. ನಮ್ಮ ಅಣಕು ಸಭೆಗಳಲ್ಲಿ ತಡವರಿಸಿ ಮಾತಾಡಿದ ಹುಡುಗನ ಒಳ್ಳೆಯ ಯೋಚನೆಯನ್ನು ಪಕ್ಕದವನು ನುಣುಪಾದ ಇಂಗ್ಲಿಷಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾನೆ.

ನಿಯಮಗಳದ್ದೂ ಇದೇ ಹಣೆಬರಹ. ಪಾಯಿಂಟ್ ಆಫ್ ಪರ್ಸನಲ್ ಪ್ರಿವಿಲೇಜ್ (ಕೇಳಿಸುತ್ತಿಲ್ಲ ಅನ್ನುವಂಥ ತೊಂದರೆ ಹೇಳಿಕೊಳ್ಳುವುದು), ಫ್ರೆಂಡ್ಲಿ ಅಮೆಂಡ್‌ಮೆಂಟ್ (ಕರಡು ಬರೆದವರೇ ಒಪ್ಪುವ ತಿದ್ದುಪಡಿ) ಅಂತೆಲ್ಲ ಬಾಯಿಪಾಠ ಮಾಡುತ್ತಾರೆ. ಇವು ಮಹಾಸಭೆಯ ನಿಯಮಾವಳಿಯಲ್ಲಿ ಇಲ್ಲವೇ ಇಲ್ಲ, ಸಂಸದೀಯ ಕಲಾಪದ ಪದ್ಧತಿಗಳಿಂದ ಬಂದು ಸೇರಿಕೊಂಡವು. ಅಸಲಿ ಮಹಾಸಭೆಯ ಹೆಚ್ಚಿನ ನಿರ್ಣಯಗಳು ಮತದಾನಕ್ಕೇ ಹೋಗದೆ ಒಮ್ಮತದಿಂದ ಪಾಸಾಗುತ್ತವೆ. ಅದಕ್ಕೆ ಮುಂಚೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದೊಂದು ಸಾಲಿಗೂ ಹೊಡೆದಾಟ ಆಗಿರುತ್ತದೆ, ಅದು ಬೇರೆ ಮಾತು. ವಿಶ್ವಸಂಸ್ಥೆಯೇ ಈ ಸಮ್ಮೇಳನಗಳಿಗಾಗಿ ಮಾರ್ಗದರ್ಶಿ ಹೊರತಂದು, ಒಮ್ಮತಕ್ಕೆ ಒತ್ತು ಕೊಡಿ ಅಂತ ಹೇಳುತ್ತಿದೆ. ಓದುವವರು ಕಮ್ಮಿ.

ಇಷ್ಟೆಲ್ಲ ಬೈದು ಆದಮೇಲೂ ಮಕ್ಕಳನ್ನು ಕಳಿಸಿ ಅಂತಲೇ ಹೇಳ್ತೀನಿ. ತಾನು ಒಪ್ಪದ ನಿಲುವನ್ನು ದಿನಗಟ್ಟಲೆ ಸಮರ್ಥಿಸುವುದು ಬೇರೆಲ್ಲಿ ಸಿಗುತ್ತದೆ? ಬೇರೆ ದೇಶದ ಹುಡುಗನೊಬ್ಬ ನಿಮ್ಮದೇ ದೇಶದ ಫಲಕ ಹಿಡಿದು, ನಿಮ್ಮ ಸರ್ಕಾರದ ವಾದವನ್ನು ನಿಮಗಿಂತ ಚೆನ್ನಾಗಿ ಹೇಳುವುದನ್ನು ಕೇಳಿದರೆ ಒಂದು ಥರಾ ಮುಜುಗರ ಆಗುತ್ತದೆ. ಆಗಲಿ, ಒಳ್ಳೆಯದೇ.

ಸಣ್ಣ ದೇಶ ಸಿಕ್ಕವರು ತಯಾರಿ ಎಲ್ಲಿಂದ ಶುರುಮಾಡಬೇಕು ಅಂತ ಕೇಳ್ತಾರೆ. ವಿಕಿಪೀಡಿಯದಲ್ಲಿ ಜನಸಂಖ್ಯೆ, ರಾಜಧಾನಿ ನೋಡಿ ಸುಮ್ನೆ ನಿಲ್ಲಿಸಬೇಡಿ. ಪ್ರತಿ ಸೆಪ್ಟೆಂಬರ್‌ನಲ್ಲಿ ಮಹಾಸಭೆಯ ಸಾಮಾನ್ಯ ಚರ್ಚೆ ನಡೆಯುತ್ತದೆ, ಆ ದೇಶದ ನಾಯಕರು ಆಡಿದ ಮಾತು ಪೂರ್ತಿ ಸಿಗುತ್ತದೆ. ಓದಿ. ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಯಾವ ನಿರ್ಣಯಕ್ಕೆ ಆ ದೇಶ ಹೌದು ಅಂತು, ಇಲ್ಲ ಅಂತು, ಯಾವುದರಲ್ಲಿ ತಟಸ್ಥವಾಗಿ ಕೂತಿತು ಅನ್ನುವುದೂ ಇದೆ. ತಟಸ್ಥವಾಗಿದ್ದ ಕಡೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಯಾರ ನೆರವು ಬೇಕು, ಯಾವ ನೆರೆಯವರ ಭಯ, ಯಾವ ಹಳೆಯ ಋಣ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ನಿಮಗೆ ಬೇಕಾದ ಒಂದೇ ಒಂದು ಪ್ಯಾರಾ ಬರೆದುಕೊಳ್ಳಿ, ಹತ್ತು ಬೇಡ. ಅದನ್ನು ಯಾರ ಹತ್ತಿರ ಮೊದಲು ಒಯ್ಯಬೇಕು, ಅವರಿಗೆ ಅದರಿಂದ ಏನು ಲಾಭ ಅನ್ನುವುದನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಡಿ. ಆ ಬದಿಯನ್ನು ಮಾತ್ರ ಯಾರಿಗೂ ತೋರಿಸಬೇಡಿ.