ಅವನನ್ನು ಮಾರಿಬಿಡಿ!

ಫುಟ್‌ಬಾಲ್‌ನಲ್ಲಿ ಗೋಲು ಹೊಡೆಯಬೇಕಾದ ಸ್ಟ್ರೈಕರ್ ಫಾರ್ಮ್ ಕಳೆದುಕೊಂಡರೆ ವಾದಕ್ಕೆ ಜಾಗವೇ ಇರುವುದಿಲ್ಲ. ಗೋಲು ಬಂದಿಲ್ಲ, ಅಷ್ಟೇ. ಗೋಲ್‌ಕೀಪರ್ ಎಡವಿದರೆ ಸ್ಕೋರ್‌ಬೋರ್ಡೇ ಚಾಡಿ ಹೇಳುತ್ತದೆ. ನಡುಮೈದಾನದಲ್ಲಿ ಆಡುವ ಮಿಡ್‌ಫೀಲ್ಡರ್ ಕಥೆ ಬೇರೆ. ಗೋಲು ಹೊಡೆಯುವುದು ಅವನ ಮುಖ್ಯ ಕೆಲಸವಲ್ಲ, ತಡೆಯುವುದಕ್ಕೂ ಬೇರೆಯವರಿದ್ದಾರೆ. ಎರಡನ್ನೂ ಮಾಡದೆ ಪಂದ್ಯ ಗೆಲ್ಲಿಸಿದ ದಿನಗಳೂ ಅವನಿಗಿರುತ್ತವೆ. ಹಾಗಾಗಿ ಸೋತ ತಂಡದ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಸಾಕು, ಮಾತು ಎಲ್ಲೆಲ್ಲೋ ಸುತ್ತಿ ಅವನ ಹತ್ತಿರವೇ ಬಂದು ನಿಲ್ಲುತ್ತದೆ. 'ಅವನನ್ನು ಮಾರಿಬಿಡಬೇಕು' ಅಂತ ಒಬ್ಬರು ಶುರು ಮಾಡುತ್ತಾರೆ. 'ಅವನಿಲ್ಲದಿದ್ದರೆ ಗೊತ್ತಾಗ್ತಿತ್ತು ನಿಮಗೆ' ಅಂತ ಇನ್ನೊಬ್ಬರು. ಆಮೇಲೆ ಟೀ ಆರಿದರೂ ಯಾರೂ ಎದ್ದು ಹೋಗುವುದಿಲ್ಲ.

ಈ ಜಗಳ ನನಗೆ ತುಂಬ ಇಷ್ಟ. ಪಂದ್ಯಕ್ಕಿಂತ ಜಾಸ್ತಿ ಇಷ್ಟ ಅಂದರೂ ತಪ್ಪಿಲ್ಲ.

ಇದರಲ್ಲಿ ಮೊದಲ ಆರೋಪ ಯಾವಾಗಲೂ ಒಂದೇ. 'ಬರೀ ಅಡ್ಡ ಪಾಸು ಕೊಡ್ತಾನೆ. ಇಲ್ಲಾಂದ್ರೆ ಹಿಂದಕ್ಕೆ.' ಇದಕ್ಕೆ ಒಳ್ಳೆಯ ಉದಾಹರಣೆ ಇಟಲಿಯ ಮಿಡ್‌ಫೀಲ್ಡರ್ ಜಾರ್ಜಿನ್ಯೋ. 2018ರಲ್ಲಿ ಕೋಚ್ ಮೌರಿಜಿಯೊ ಸಾರಿ ಜೊತೆಗೇ ಇಟಲಿಯ ನಾಪೊಲಿ ಕ್ಲಬ್ಬಿನಿಂದ ಇಂಗ್ಲೆಂಡಿನ ಚೆಲ್ಸಿಗೆ ಬಂದ. ಅವನಿಗೆ ಜಾಗ ಮಾಡಿಕೊಡಲು ಎಲ್ಲರ ಮೆಚ್ಚಿನ ಮಿಡ್‌ಫೀಲ್ಡರ್ ಕಾಂಟೆಯನ್ನು ಬಲಗಡೆಗೆ ಸರಿಸಿದರು. ಜನ ಸಿಟ್ಟಾಗಲು ಅಷ್ಟು ಸಾಕಾಯಿತು. ಆ ಸೀಸನ್ನಿನ ಲೀಗ್ ಪಂದ್ಯಗಳಲ್ಲಿ ಅವನು ಕೊಟ್ಟ ಪಾಸುಗಳಿಗೆ ಲೆಕ್ಕವಿಲ್ಲ. ಆದರೆ ಅಸಿಸ್ಟ್, ಅಂದರೆ ನೇರವಾಗಿ ಗೋಲಿಗೆ ದಾರಿ ಮಾಡಿದ ಪಾಸು, ಮಾತ್ರ ಸೊನ್ನೆ. ಈ ಸೊನ್ನೆಯನ್ನು ಹಿಡಿದುಕೊಂಡು ಎಷ್ಟು ಜನ ಎಷ್ಟು ಹೊತ್ತು ಮಾತಾಡಿದರೋ! ಸ್ವಂತ ಅಭಿಮಾನಿಗಳೇ ಅವನನ್ನು ಗೇಲಿ ಮಾಡಿದರು. 2021ರಲ್ಲಿ ಅದೇ ಮನುಷ್ಯ ಚೆಲ್ಸಿ ಪರವಾಗಿ ಚಾಂಪಿಯನ್ಸ್ ಲೀಗ್ ಗೆದ್ದ, ಇಟಲಿ ಪರವಾಗಿ ಯೂರೋ ಕಪ್ ಗೆದ್ದ, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾದ ವರ್ಷದ ಆಟಗಾರನೂ ಆದ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಮತದಾನದಲ್ಲಿ ಮೂರನೆಯ ಸ್ಥಾನ. ಹಾಗಂತ ಜಗಳ ಮುಗಿಯಿತಾ? ಎಲ್ಲಿ ಮುಗಿಯುತ್ತೆ. 'ತಂಡ ಚೆನ್ನಾಗಿತ್ತು, ಅವನೂ ಜೊತೆಗಿದ್ದ' ಅಂದರು. ಇದು ಪೂರ್ತಿ ಸುಳ್ಳು ಅಂತಲೂ ಹೇಳಲಾಗುವುದಿಲ್ಲ, ಅದೇ ತಮಾಷೆ.

ನನಗನಿಸುವ ಪ್ರಕಾರ ಅಷ್ಟು ಹೊತ್ತು ಮಾತಾಡುವಾಗಲೂ ಆ ಆಟಗಾರ ಒಂದು ನೆಪ. ಒಬ್ಬೊಬ್ಬ ಅಭಿಮಾನಿಯ ತಲೆಯೊಳಗೂ ತನ್ನ ತಂಡ ಹೀಗೇ ಆಡಬೇಕು ಅನ್ನುವ ಒಂದು ಚಿತ್ರ ಇರುತ್ತದೆ. ಒಬ್ಬರಿಗೆ ಚೆಂಡು ಸರಸರ ಮುಂದೆ ಹೋಗಬೇಕು. ಇನ್ನೊಬ್ಬರಿಗೆ ಚೆಂಡು ಕಳೆದುಕೊಳ್ಳದೆ ತಾಳ್ಮೆಯಿಂದ ಆಡಬೇಕು. ಮತ್ತೊಬ್ಬರಿಗೆ ಎದುರಾಳಿಯ ಕಾಲಿಗೆ ಜಾರಿ ಬಿದ್ದು, ಅಂಗಿಯೆಲ್ಲ ಮಣ್ಣಾದರೇನೇ ಆಟಗಾರ. ಈ ಮೂರೂ ಚಿತ್ರಗಳು ಬಂದು ಡಿಕ್ಕಿ ಹೊಡೆಯುವ ಜಾಗ ನಡುಮೈದಾನ. ಅಲ್ಲಿ ನಿಂತ ಪಾಪದವನು ಒಬ್ಬರ ಚಿತ್ರಕ್ಕೆ ಹೊಂದಿದರೆ ಉಳಿದಿಬ್ಬರಿಗೆ ಶತ್ರು. ಇವರೆಲ್ಲರ ನಡುವೆ 'ಅವನು ಒಳ್ಳೆಯವನೇ, ಆದರೆ ಸ್ವಲ್ಪ ಹೀಗೆ' ಅಂತ ಅಡ್ಡಗೋಡೆ ಮೇಲೆ ದೀಪ ಇಡುವವರೂ ಒಬ್ಬರಿರುತ್ತಾರೆ. ಅವರ ಮಾತನ್ನು ಯಾರೂ ಕೇಳುವುದಿಲ್ಲ.

ದುಡ್ಡಿನ ವಿಷಯ ಸೇರಿದರಂತೂ ಮುಗಿದೇ ಹೋಯಿತು. ಫ್ರಾನ್ಸಿನ ಮಿಡ್‌ಫೀಲ್ಡರ್ ಪೋಗ್ಬಾನನ್ನೇ ನೋಡಿ. 2012ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ಟು ಇಟಲಿಯ ಯುವೆಂಟಸ್‌ಗೆ ಹೋದ ಹುಡುಗನನ್ನು 2016ರಲ್ಲಿ ಅದೇ ಯುನೈಟೆಡ್ 89 ಮಿಲಿಯನ್ ಪೌಂಡ್ ಕೊಟ್ಟು ವಾಪಸ್ ತಂದಿತು. ಆಗ ಅದು ವಿಶ್ವದಾಖಲೆ. ಅಲ್ಲಿಂದಾಚೆಗೆ ಅವನ ಪಾಸು ಒಂದು ತಪ್ಪಿದರೂ ಜನರಿಗೆ ಬೆಲೆಯೇ ನೆನಪಾಗುತ್ತಿತ್ತು. ಬೇರೆಯವನು ತಪ್ಪಿಸಿದರೆ ಬರೀ ತಪ್ಪು ಪಾಸು, ಇವನು ತಪ್ಪಿಸಿದರೆ ನಷ್ಟ. 2018ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಪರವಾಗಿ ಕ್ರೊಯೇಷಿಯಾ ವಿರುದ್ಧ ಗೋಲು ಹೊಡೆದಾಗ ಯುನೈಟೆಡ್ ಅಭಿಮಾನಿಗಳು ಖುಷಿಪಡಲೋ ಹೊಟ್ಟೆ ಉರಿದುಕೊಳ್ಳಲೋ ತಿಳಿಯದೆ ಕೂತಿರಬೇಕು. ಅಲ್ಲಿ ಆಡುವವನು ಇಲ್ಲಿ ಯಾಕೆ ಆಡುವುದಿಲ್ಲ? ಕೋಚ್ ತಪ್ಪಾ, ಅವನ ತಪ್ಪಾ? ಉತ್ತರ ಸಿಗುವ ಮೊದಲೇ 2022ರಲ್ಲಿ ಒಪ್ಪಂದ ಮುಗಿದು ಬಿಟ್ಟಿಯಾಗಿ ಹೊರಟುಹೋದ.

ಈ ಜಗಳದ ಎಲ್ಲ ರುಚಿಯನ್ನೂ ಒಬ್ಬನಲ್ಲೇ ನೋಡಬೇಕು ಅಂದರೆ ಸ್ವಿಟ್ಜರ್‌ಲೆಂಡಿನ ಮಿಡ್‌ಫೀಲ್ಡರ್ ಗ್ರಾನಿಟ್ ಝಾಕಾ ಇದ್ದಾನೆ. 2019ರ ಅಕ್ಟೋಬರ್ 27. ಅವನ ಕ್ಲಬ್ಬು, ಲಂಡನ್ನಿನ ಆರ್ಸೆನಲ್, ತನ್ನದೇ ಮೈದಾನದಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಎರಡು ಗೋಲು ಮುಂದಿದ್ದು, ಆಮೇಲೆ ಆ ಎರಡನ್ನೂ ಬಿಟ್ಟುಕೊಟ್ಟಿತ್ತು. ದ್ವಿತೀಯಾರ್ಧದಲ್ಲಿ ಬದಲಿ ಆಟಗಾರನ ಬೋರ್ಡು ಮೇಲೆದ್ದಿತು. ಅದರಲ್ಲಿ ಝಾಕಾನ ನಂಬರು. ಅವನು ತಂಡದ ಕ್ಯಾಪ್ಟನ್. ನಂಬರು ಕಂಡಿದ್ದೇ ತಡ, ಜನ ಸಂಭ್ರಮದಿಂದ ಕೂಗಿದರು. ಅವನು ಓಡುತ್ತಾ ಬರಲಿಲ್ಲ, ನಿಧಾನವಾಗಿ ನಡೆದು ಬಂದ. ಆಗ ಕೂಗು ಬೈಗುಳಕ್ಕೆ ತಿರುಗಿತು. ಅವನು ಕೈಯನ್ನು ಕಿವಿಗೆ ಹಿಡಿದು 'ಇನ್ನೂ ಜೋರಾಗಿ' ಅನ್ನುವಂತೆ ತೋರಿಸಿದ, ವಾಪಸ್ ಬೈದ, ಅಂಗಿ ಕಿತ್ತು ಹಾಕಿ ನೇರವಾಗಿ ಒಳಗೆ ನಡೆದ. ಕೆಲವೇ ದಿನಗಳಲ್ಲಿ ಕ್ಯಾಪ್ಟನ್ ಪಟ್ಟ ಹೋಯಿತು. ಜನವರಿಯಲ್ಲಿ ಬರ್ಲಿನ್ನಿನ ಹರ್ಟಾ ಕ್ಲಬ್ಬಿಗೆ ಇನ್ನೇನು ಹೊರಟೇಬಿಟ್ಟ ಅನ್ನುವಷ್ಟರಲ್ಲಿ ಹೊಸ ಕೋಚ್ ಆರ್ಟೆಟಾ ಕೂರಿಸಿಕೊಂಡು ಮಾತಾಡಿ ಉಳಿಸಿಕೊಂಡರು.

ಆಮೇಲಿನದ್ದು ನೋಡಿ. 2022–23ರಲ್ಲಿ ಅವನನ್ನು ಸ್ವಲ್ಪ ಮುಂದೆ, ಎಡಗಡೆಗೆ ಆಡಿಸಿದರು. ಮನುಷ್ಯ ಅದೇ, ಕಾಲೂ ಅದೇ. ಲೀಗಿನಲ್ಲಿ ಏಳು ಗೋಲು ಬಂದವು. ಸೀಸನ್ನಿನ ಕೊನೆಯ ಪಂದ್ಯದಲ್ಲಿ ವುಲ್ವ್ಸ್ ವಿರುದ್ಧ ಎರಡು ಗೋಲು ಹೊಡೆದಾಗ ಅದೇ ಮೈದಾನದ ಜನ 'ಹೋಗಬೇಡ' ಅಂತ ಹಾಡಿದರು. ಅವನು ಹೋದ. ಜರ್ಮನಿಯ ಬೇಯರ್ ಲೆವರ್‌ಕುಸನ್ ಸೇರಿ, ಮುಂದಿನ ವರ್ಷ ಒಂದೂ ಸೋಲಿಲ್ಲದೆ ಅಲ್ಲಿನ ಲೀಗ್ ಬುಂಡೆಸ್‌ಲೀಗ ಗೆದ್ದ ತಂಡದಲ್ಲಿದ್ದ. ಆ ಲೀಗಿನಲ್ಲಿ ಇಡೀ ಸೀಸನ್ ಸೋಲದೆ ಮುಗಿಸಿದ ಮೊದಲ ತಂಡ ಅದು. ಜರ್ಮನ್ ಕಪ್ ಫೈನಲ್‌ನ ಒಂದೇ ಒಂದು ಗೋಲು ಕೂಡ ಝಾಕಾನದ್ದೇ. ಹಿತ್ತಲ ಗಿಡ ಮದ್ದಲ್ಲ ಅನ್ನುವುದನ್ನು ಫುಟ್‌ಬಾಲ್ ಇಷ್ಟು ಚೆನ್ನಾಗಿ ಇನ್ನೆಲ್ಲೂ ತೋರಿಸಿಕೊಟ್ಟಿಲ್ಲ.

ಅಂದು ಬೈದವರು ತಪ್ಪು, ಇಂದು ಹಾಡಿದವರು ಸರಿ ಅಂತ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. 2019ರ ಝಾಕಾ ನಿಜವಾಗಿಯೂ ಚೆನ್ನಾಗಿ ಆಡುತ್ತಿರಲಿಲ್ಲ. ಬೈದವರಲ್ಲಿ ಎಷ್ಟೋ ಜನ ಆಮೇಲೆ ಹಾಡಿದವರೂ ಹೌದು. ಅಭಿಮಾನಿಗೆ ನೆನಪು ಜಾಸ್ತಿ, ಹಟ ಅದಕ್ಕಿಂತ ಸ್ವಲ್ಪ ಕಡಿಮೆ. ಪುಣ್ಯಕ್ಕೆ.

ಇಂಥ ಆಟಗಾರನ ಪರ ನಿಲ್ಲುವವರ ಕೈಯಲ್ಲಿ ಒಂದು ದೊಡ್ಡ ಅಸ್ತ್ರ ಇದೆ. ಅದರ ಹೆಸರು ಮಕಲೇಲೆ, ಡಿಫೆಂಡರ್‌ಗಳ ಮುಂದೆ ನಿಂತು ಎದುರಾಳಿಯ ದಾಳಿ ತಡೆಯುತ್ತಿದ್ದ ಫ್ರಾನ್ಸಿನ ಮಿಡ್‌ಫೀಲ್ಡರ್. ರಿಯಲ್ ಮ್ಯಾಡ್ರಿಡ್ 2003ರಲ್ಲಿ ಬೆಕ್‌ಹ್ಯಾಮ್‌ನನ್ನು ತಂದಿತು, ಸಂಬಳ ಹೆಚ್ಚಿಸಿ ಅಂದ ಮಕಲೇಲೆಯನ್ನು ಚೆಲ್ಸಿಗೆ ಮಾರಿತು. ಗೋಲು ಹೊಡೆಯದ, ದೂರದ ಪಾಸು ಕೊಡದ ಆಟಗಾರ ಹೋದರೇನು ಅಂದುಕೊಂಡರು. ಆ ವರ್ಷ ಲೀಗ್ ಗೆದ್ದಿದ್ದ ಮ್ಯಾಡ್ರಿಡ್ ಮತ್ತೆ ಲೀಗ್ ಗೆದ್ದದ್ದು 2007ರಲ್ಲಿ. ಇತ್ತ ಚೆಲ್ಸಿ 2004–05ರ ಲೀಗಿನಲ್ಲಿ ಬಿಟ್ಟುಕೊಟ್ಟಿದ್ದು ಬರೀ 15 ಗೋಲು, ಆ ವರ್ಷವೂ ಮರುವರ್ಷವೂ ಚಾಂಪಿಯನ್. ಮಕಲೇಲೆ ಆಡಿದ ಜಾಗಕ್ಕೆ ಅವನ ಹೆಸರನ್ನೇ ಇಟ್ಟುಬಿಟ್ಟರು.

ಇದರಿಂದ ಒಂದು ತೊಂದರೆಯೂ ಆಗಿದೆ. ಈಗ ಯಾವ ಮಿಡ್‌ಫೀಲ್ಡರ್ ಎಷ್ಟೇ ಕಳಪೆ ಆಡಲಿ, 'ಅವನ ಕೆಲಸ ನಿಮ್ಮ ಕಣ್ಣಿಗೆ ಕಾಣಲ್ಲ' ಅನ್ನಬಹುದು. ಕಾಣದ ಕೆಲಸ ಅಂದಮೇಲೆ ಅದು ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಕೆಲವರ ಕೆಲಸ ಕಾಣದಿರುವುದು ಅವರು ಮಾಡದಿರುವುದರಿಂದಲೇ. 'ಅವನಿಲ್ಲದಾಗ ನೋಡಿ' ಅನ್ನುವ ಮಾತೂ ಅಷ್ಟೇ. ಮಿಡ್‌ಫೀಲ್ಡರ್ ರೋಡ್ರಿ ವಿಷಯದಲ್ಲಿ ಅದು ನಿಜವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಅವನ ಮೊಣಕಾಲು ಹೋಯಿತು, ಸತತ ನಾಲ್ಕು ಸಲ ಲೀಗ್ ಗೆದ್ದಿದ್ದ ಮ್ಯಾಂಚೆಸ್ಟರ್ ಸಿಟಿ ಆ ಸೀಸನ್ ಮೂರನೆಯ ಸ್ಥಾನಕ್ಕಿಳಿಯಿತು. ಅವನು ಮೈದಾನದ ಹೊರಗಿದ್ದಾಗಲೇ ಬ್ಯಾಲನ್ ಡಿ'ಓರ್ ಬಂತು. ಆದರೆ ಆ ತಂಡಕ್ಕೆ ವಯಸ್ಸೂ ಆಗಿತ್ತು, ಬೇರೆಯವರಿಗೂ ಗಾಯಗಳಿದ್ದವು. ಎಲ್ಲವನ್ನೂ ಒಂದು ಮೊಣಕಾಲಿನ ಲೆಕ್ಕಕ್ಕೆ ಬರೆಯುವುದು ಜಾಸ್ತಿ ಆಯಿತು ಅಲ್ವಾ?

ಅಂಕಿಅಂಶದವರು ಇದನ್ನು ಬಗೆಹರಿಸುತ್ತೇವೆ ಅಂತ ಬರುತ್ತಾರೆ. ಪಾಸಿನ ಶೇಕಡಾವಾರು, ಟ್ಯಾಕಲ್, ಕಿಲೋಮೀಟರ್, ಮೈದಾನದ ನಕ್ಷೆಯ ಮೇಲೆ ಕೆಂಪು ಹಳದಿ ಬಣ್ಣ. ಶೇಕಡಾ 90 ಪಾಸು ಸರಿಯಾಗಿವೆ ಅಂದರೆ ಒಬ್ಬರು ತಲೆದೂಗುತ್ತಾರೆ. 'ಪಕ್ಕದಲ್ಲಿದ್ದವನಿಗೇ ಕೊಟ್ಟರೆ ನನ್ನದೂ 90 ಬರುತ್ತೆ' ಅಂತ ಇನ್ನೊಬ್ಬರು. ಅಂಕಿ ಬಂದಮೇಲೆ ಜಗಳಕ್ಕೆ ಬಿಸಿ ಹೆಚ್ಚಿದೆ, ಅಷ್ಟೇ.

ನನ್ನ ಗುಮಾನಿ ಟಿವಿ ಕ್ಯಾಮೆರಾ ಮೇಲೆ. ತೊಂಬತ್ತು ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಎರಡು ಮೂರು ನಿಮಿಷ ಇದ್ದರೆ ಹೆಚ್ಚು. ಕ್ಯಾಮೆರಾ ಹೋಗುವುದು ಚೆಂಡಿನ ಹಿಂದೆ. ಮಿಡ್‌ಫೀಲ್ಡರ್‌ನ ಕೆಲಸದ ಬಹುಪಾಲು ನಡೆಯುವುದು ಚೆಂಡು ಇಲ್ಲದ ಕಡೆ: ಎಲ್ಲಿ ನಿಲ್ಲಬೇಕು, ಯಾರಿಗೆ ಅಡ್ಡ ಬರಬೇಕು, ಮುಂದೆ ಓಡಿದ ಡಿಫೆಂಡರ್ ಬಿಟ್ಟ ಜಾಗಕ್ಕೆ ಯಾವಾಗ ಸರಿಯಬೇಕು. ಅಂದರೆ ನಾವು ಜಗಳವಾಡುವುದು ಹೆಚ್ಚಾಗಿ ನೋಡದೇ ಇರುವ ಸಂಗತಿಯ ಬಗ್ಗೆ.

ಹಾಗಾಗಿ ಒಮ್ಮೆ ಪಂದ್ಯ ನೋಡಲು ಹೋದಾಗ ನಮ್ಮ ತಂಡದ ಅಂಥ ಒಬ್ಬನನ್ನು ಮಾತ್ರ ನೋಡುತ್ತೇನೆ ಅಂತ ಹಟ ಹಿಡಿದು ಕೂತೆ. ಚೆಂಡು ಎಲ್ಲಾದರೂ ಹಾಳಾಗಿಹೋಗಲಿ. ಅವನು ಚೆಂಡು ಬರುವ ಮೊದಲು ಎಡಕ್ಕೆ ಬಲಕ್ಕೆ ತಿರುಗಿ ನೋಡುತ್ತಾನೆ, ಮತ್ತೆ ನೋಡುತ್ತಾನೆ, ಕೈ ತೋರಿಸಿ ಬೇರೆಯವರನ್ನು ಸರಿಸುತ್ತಾನೆ, ಯಾರೂ ಪಾಸು ಕೊಡದಿದ್ದರೂ ಪಾಸು ಸಿಗುವ ಜಾಗಕ್ಕೆ ಓಡುತ್ತಾನೆ. ನನಗೆ ಅಭಿಮಾನ ಉಕ್ಕತೊಡಗಿತು. ಅಷ್ಟರಲ್ಲಿ ದೊಡ್ಡ ಗದ್ದಲ. ಎದುರಾಳಿ ಗೋಲು ಹೊಡೆದಿದ್ದರು.

'ಹೇಗಾಯ್ತು?' ಅಂತ ಪಕ್ಕದವರನ್ನು ಕೇಳಿದೆ.

'ಇನ್ನು ಹೇಗೆ? ಅವನಿಂದಲೇ' ಅಂದರು, ನಾನು ನೋಡುತ್ತಿದ್ದವನ ಕಡೆಗೇ ಕೈ ತೋರಿಸಿ.

ಅವನು ಚೆಂಡಿನ ಹತ್ತಿರವೂ ಇರಲಿಲ್ಲ ಸ್ವಾಮಿ, ನಾನು ಕಣ್ಣಾರೆ ನೋಡಿದ್ದೇನೆ ಅಂತ ಹೇಳಲು ಬಾಯಿ ತೆರೆದೆ. ಆದರೆ ಗೋಲಾಗುವ ಹೊತ್ತಿಗೆ ಅವನು ಮೈದಾನದ ನಡುವೆ ಮಂಡಿಯೂರಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಈ ಸಾಕ್ಷಿಯನ್ನು ಯಾವ ಕಡೆಯವರ ಪರವಾಗಿ ಹೇಳಬೇಕೋ ಗೊತ್ತಾಗದೆ ಬಾಯಿ ಮುಚ್ಚಿಕೊಂಡೆ.