ಕಿವಿಗೆ ಹಾಕಿಕೊಂಡ ಮೇಲೆ

ಮುಂಬಯಿ ಬಳಿಯ ಡೊಂಬಿವಲಿಯ ತರಕಾರಿ ಮಾರುಕಟ್ಟೆಯಲ್ಲಿ ನನ್ನ ಹೆಂಡತಿಗೆ ಒಂದು ಖ್ಯಾತಿಯಿದೆ. ತುದಿ ಮುರಿದು ನೋಡದೆ ಆಕೆ ಅರ್ಧ ಕಿಲೋ ಬೆಂಡೆಕಾಯಿಯನ್ನೂ ಕೊಂಡವಳಲ್ಲ. ತೆಂಗಿನಕಾಯಿಯಾದರೆ ಕಿವಿಯ ಬಳಿ ಅಲ್ಲಾಡಿಸಿ ನೀರಿನ ಸದ್ದು ಕೇಳಬೇಕು, ಕಲ್ಲಂಗಡಿಯಾದರೆ ಬೆರಳಿನಿಂದ ಬಡಿಯಬೇಕು. ಅಲ್ಲಿ ನಾನು ಚೀಲ ಹಿಡಿದು ನಿಲ್ಲುವವನು. ಆದರೆ ಕರೆಂಟಿನಿಂದಲೋ ಬ್ಯಾಟರಿಯಿಂದಲೋ ನಡೆಯುವ ವಸ್ತುಗಳ ಪರೀಕ್ಷಾಧಿಕಾರ ಮಾತ್ರ ನನ್ನದು. ಅದು ನನ್ನ ಕೈಗೆ ಹೇಗೆ ಬಂತೆಂಬುದು ಈಗ ಇಬ್ಬರಿಗೂ ನೆನಪಿಲ್ಲ.

ಈ ವಿದ್ಯೆಯಲ್ಲಿ ನನ್ನ ಗುರು ಚಿಕ್ಕಪ್ಪ. ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದ ಅವರು ರೇಡಿಯೋ ಕೊಳ್ಳಲು ಗ್ರ್ಯಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೇ ಹೋಗುತ್ತಿದ್ದರು. (ಲ್ಯಾಮಿಂಗ್ಟನ್ ಸಾಹೇಬರು ಗವರ್ನರ್ ಹುದ್ದೆ ಬಿಟ್ಟು ಹೋದದ್ದು 1907ರಲ್ಲಿ. ಫಲಕದ ಮೇಲೆ ಈಗ ಡಾಕ್ಟರ್ ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಿದೆ. ಹಾಗೆಂದು ಟ್ಯಾಕ್ಸಿಯವನಿಗೆ ಹೇಳಿ ನೋಡಿ.) ಅಂಗಡಿಯವನು ತನ್ನದೇ ಸೆಲ್ ಹಾಕಿ ರೇಡಿಯೋ ಹಚ್ಚಬೇಕು, ವಿವಿಧ ಭಾರತಿಯ ಒಂದು ಇಡೀ ಹಾಡು ಗೊರಗೊರ ಇಲ್ಲದೆ ಕೇಳಬೇಕು. ಆಮೇಲೆಯೇ ಚಿಕ್ಕಪ್ಪನ ಕೈ ಜೇಬಿಗೆ ಹೋಗುತ್ತಿತ್ತು.

ಅವರ ಶಿಷ್ಯನಾದ ನಾನು ಮೂರು ವರ್ಷದ ಹಿಂದೆ ಟಿ.ವಿ. ಕೊಂಡೆ. ಶೋರೂಮಿನಲ್ಲಿ ಅದರ ಪರದೆಯ ಮೇಲೆ ಒಂದು ಗಿಣಿ ಕುಳಿತಿತ್ತು. ಅಂಥ ಕೆಂಪನ್ನು ನಾನು ಕುಂಕುಮದ ಭರಣಿಯಲ್ಲೂ ಕಂಡಿರಲಿಲ್ಲ. ಮನೆಗೆ ತಂದು ಜೋಡಿಸುವಾಗ ಟಿ.ವಿ. ಒಂದು ಪ್ರಶ್ನೆ ಕೇಳಿತು: ಮನೆಯೋ, ಅಂಗಡಿಯೋ? ಎಲ್ಲಿಂದ ತಂದಿರಿ ಎಂದು ವಿಚಾರಿಸುತ್ತಿದೆ ಎಂದುಕೊಂಡು ಪ್ರಾಮಾಣಿಕವಾಗಿ ‘ಅಂಗಡಿ’ ಎಂದು ಒತ್ತಿದೆ. ಅಂದಿನಿಂದ ವಾರ್ತೆ ಓದುವವರೆಲ್ಲ ಅರಿಸಿನ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೊರಟವರಂತೆ ಕಾಣತೊಡಗಿದರು. ನಾನು ಬಣ್ಣ ಇಳಿಸುವುದು, ಐದು ನಿಮಿಷದಲ್ಲಿ ಅದು ತಾನಾಗಿ ಏರುವುದು. ನಡುನಡುವೆ ತನ್ನ ಗುಣಗಾನವನ್ನು ತಾನೇ ಪರದೆಯ ಕೆಳಗೆ ಬರೆದುಕೊಳ್ಳುತ್ತಿತ್ತು. ಶೋರೂಮಿನ ಝಗಝಗ ದೀಪಗಳ ನಡುವೆ ಎದ್ದು ಕಾಣಲೆಂದು ಇಟ್ಟ ವ್ಯವಸ್ಥೆ ಅದು ಎಂದು ಗೊತ್ತಾಗಲು ರಜೆಗೆ ಬಂದ ಅಣ್ಣನ ಮಗನೇ ಬೇಕಾಯಿತು. ಮೂರು ತಿಂಗಳು ನಮ್ಮ ಹಾಲ್ ಒಂದು ಅಂಗಡಿಯಾಗಿತ್ತು, ಗಿರಾಕಿ ಬರಲಿಲ್ಲ ಅಷ್ಟೆ.

ಈ ಸಲ ಬೇಕಾಗಿದ್ದದ್ದು ಹೆಡ್‌ಫೋನ್. ದಿನಾ ಲೋಕಲ್ ರೈಲಿನಲ್ಲಿ ಎರಡೂವರೆ ಗಂಟೆ ಕಳೆಯುವವನಿಗೆ, ಹೊರಗಿನ ಸದ್ದನ್ನು ಅಳಿಸುವ ಹೆಡ್‌ಫೋನ್ ಇದೆ ಎಂದರೆ ಆಸೆಯಾಗದೆ ಇರುತ್ತದೆಯೇ? ಪುಟ್ಟ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ, ಯಂತ್ರ ಅದಕ್ಕೆ ಸರಿಯಾಗಿ ತಿರುವುಮುರುವಾದ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ, ಎರಡೂ ಹೊಡೆದಾಡಿ ಸಾಯುತ್ತವೆ. ಠಾಣೆಯ ಶೋರೂಮೊಂದರಲ್ಲಿ ಹಾಕಿಕೊಂಡು ನೋಡಿದೆ. ಹವಾನಿಯಂತ್ರಕದ ಗುಂಯ್ ಎಂಬ ಸದ್ದು ಹೇಳಹೆಸರಿಲ್ಲದಂತೆ ಹೋಯಿತು. ಭೀಮಸೇನ ಜೋಶಿಯವರು ನನ್ನ ತಲೆಯೊಳಗೇ ಚಾಪೆ ಹಾಸಿ ಕುಳಿತರು.

ಬೆಲೆ 8,990 ರೂಪಾಯಿ. ಹೆಂಡತಿ ಆಚೆ ಮಿಕ್ಸಿಗಳ ಮುಚ್ಚಳ ತೆಗೆದು ಹಾಕಿ ಬಿಗಿ ನೋಡುತ್ತಿದ್ದಳು. ಅವಳಿಗೆ ಮೆಲ್ಲಗೆ, ಕನ್ನಡದಲ್ಲಿ ಹೇಳಿದೆ: “ಸುಮ್ಮನೆ ನೋಡಿಕೊಂಡು ಹೋಗೋಣ. ಮೊಬೈಲಿನಲ್ಲಿ ತರಿಸಿದರೆ ಸಾವಿರದ ಐನೂರು ಕಡಿಮೆ. ಈ ಹುಡುಗನಿಗೆ ಏನು ಗೊತ್ತಾಗುತ್ತದೆ!”

ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ, ಸ್ವಲ್ಪ ಬಿಡಿಸಿ ಹೇಳಿದೆ.

ಕಿವಿ ಮುಚ್ಚಿಕೊಂಡವನಿಗೆ ತನ್ನ ಧ್ವನಿಯ ಅಳತೆ ಸಿಗುವುದಿಲ್ಲ. ನಾನು ಪಿಸುಗುಟ್ಟಿದ್ದು ಫ್ರಿಜ್‌ಗಳ ಸಾಲಿನ ತುದಿಯವರೆಗೆ ತಲುಪಿತ್ತು. ಅಲ್ಲಿದ್ದ ವೃದ್ಧ ದಂಪತಿ ನಗು ತಡೆಯಲಾಗದೆ ಒಂದು ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ಮುಖವಿಟ್ಟರು. ಅಷ್ಟು ಹೊತ್ತು ಹಿಂದಿಯಲ್ಲಿ ಮಾತಾಡುತ್ತಿದ್ದ ಹುಡುಗ ನನ್ನ ಎಡಕಿವಿಯ ಬಟ್ಟಲನ್ನು ನಾಜೂಕಾಗಿ ಸರಿಸಿ ಕೇಳಿದ:

“ನಿಮಗೆ ಊರಲ್ಲಿ ಎಲ್ಲಾಯಿತು ಅಣ್ಣ?”

ಕನ್ನಡವನ್ನು ಗುಟ್ಟಿನ ಭಾಷೆ ಎಂದುಕೊಂಡವನು ಮುಂಬಯಿಯಲ್ಲಿ ಮೂವತ್ತು ವರ್ಷ ಇದ್ದರೂ ಹೊಸಬನೇ. ಹುಡುಗ ಕಾರ್ಕಳದ ಕಡೆಯವನು. ಹೆಂಡತಿಯ ತವರೂ ಅಲ್ಲೇ. ಎರಡು ನಿಮಿಷದಲ್ಲಿ ಅವನ ಸೋದರತ್ತೆಯೂ ನನ್ನ ಅತ್ತೆಯೂ ಒಂದೇ ಭಜನಾ ಮಂದಿರಕ್ಕೆ ಹೋಗುವವರು ಎಂದು ಹೊರಬಿತ್ತು. ಇನ್ನು ಬರಿಗೈಯಲ್ಲಿ ಹೊರಟರೆ ಸುದ್ದಿ ನಮಗಿಂತ ಮೊದಲು ಊರು ಸೇರುತ್ತದೆ. “ಕಟ್ಟಿಕೊಡು ಮಾರಾಯ” ಎಂದೆ. ಊರಿನವರೆಂದು ಅವನು ಕನ್ನಡಕ ಒರೆಸುವಂಥ ಬಟ್ಟೆಯೊಂದನ್ನು ಬಿಟ್ಟಿಯಾಗಿ ಕೊಟ್ಟ. ನನ್ನ ಲೆಕ್ಕದಲ್ಲಿ ಅದು ಸಾವಿರದ ಐನೂರು ರೂಪಾಯಿಯ ಬಟ್ಟೆ.

“ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದನ್ನಾದರೂ ಹಾಕಿಕೊಳ್ಳಿ” ಎಂದಳು ಹೆಂಡತಿ, ರಿಕ್ಷಾದಲ್ಲಿ.

ಸೋಮವಾರ ಬೆಳಗಿನ ಫಾಸ್ಟ್ ರೈಲಿನಲ್ಲಿ ಹೇಗೋ ಒಳಗೆ ತೂರಿ, ಹೆಡ್‌ಫೋನ್ ಏರಿಸಿ ಗುಂಡಿ ಒತ್ತಿದೆ. ನಿಜಕ್ಕೂ ಪವಾಡ. ಚಕ್ರದ ಗಡಗಡ, ಫ್ಯಾನುಗಳ ಮೊರೆತ ಎಲ್ಲ ಮಾಯ. ಆದರೆ ಈ ಯಂತ್ರದ ಪರಾಕ್ರಮವೆಲ್ಲ ಒಂದೇ ಸಮನೆ ಮೊರೆಯುವ ಸದ್ದಿನ ಮೇಲೆ. ಮನುಷ್ಯರ ಗಂಟಲು, ಲೋಹದ ಕಣಕಣ ಅದರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ನಮ್ಮ ಡಬ್ಬಿಯಲ್ಲಿ ದಿನಾ ಹತ್ತು ಹನ್ನೆರಡು ಜನರ ಭಜನಾ ಮಂಡಳಿ ಇರುತ್ತದೆ. ಇಷ್ಟು ವರ್ಷ ಅವರ ಅಭಂಗ ರೈಲಿನ ಗದ್ದಲದಲ್ಲಿ ಅರ್ಧ ಮುಳುಗಿರುತ್ತಿತ್ತು. ಅಂದು ಗದ್ದಲ ತೊಲಗಿ ಬರೀ ಭಜನೆ ಉಳಿಯಿತು. ಯಾರು ತಾಳ ತಪ್ಪುತ್ತಾರೆ ಎಂಬುದು ಕೂಡ ನನಗೆ ಅಂದೇ ಗೊತ್ತಾದದ್ದು.

ಮೂರನೆಯ ಅಭಂಗಕ್ಕೆ ನನ್ನ ತಲೆ ತಾನಾಗಿ ಅಲ್ಲಾಡುತ್ತಿತ್ತು. ಎದುರಿನ ಹಿರಿಯರು, ನನ್ನನ್ನು ರೆಕಾರ್ಡಿಂಗಿಗೆ ಬಂದವನೆಂದು ತಿಳಿದರೋ ಏನೋ, ಘಾಟ್ಕೋಪರ್ ದಾಟುವಾಗ ಒಂದು ಜೊತೆ ತಾಳವನ್ನು ನನ್ನ ಕೈಗೆ ಕೊಟ್ಟರು. ನಾನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ, ತಾಳವನ್ನು ಕಿವಿಯ ಬಳಿ ಹಿಡಿದು ಒಮ್ಮೆ ತಟ್ಟಿ ನೋಡಿದೆ.