ಆರಕ್ಕಿಟ್ಟ ಅಲಾರಂ ಏಳು ಮೂವತ್ತಾರಕ್ಕೆ

ಅಮೆರಿಕದ ಸೈನಿಕನಿಗೆ ಜರ್ಮನಿಗೆ ವರ್ಗವಾದರೆ ಸರ್ಕಾರ ಅವನ ಹೆಂಡತಿ, ಮಕ್ಕಳು, ಸೋಫಾ, ಮಂಚ, ಕಾರು ಎಲ್ಲವನ್ನೂ ಅಟ್ಲಾಂಟಿಕ್ ದಾಟಿಸಿಕೊಡುತ್ತದೆ. ದಾಟಿಸಲಾಗದ್ದು ಗೋಡೆಯೊಳಗಿನ ಕರೆಂಟನ್ನು. ಅಲ್ಲಿನ ಗೋಡೆಯಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿನ ಗೋಡೆಯಲ್ಲಿ 230 ವೋಲ್ಟ್, 50 ಹರ್ಟ್ಸ್. ವೋಲ್ಟ್ ಎಂದರೆ ಕರೆಂಟಿನ ಒತ್ತಡ, ಹರ್ಟ್ಸ್ ಎಂದರೆ ಸೆಕೆಂಡಿಗೆ ಅದರ ಮಿಡಿತ. ಮುಂದಿನ ಮೂರು ವರ್ಷದ ಫಜೀತಿಯಲ್ಲಿ ಅರ್ಧಪಾಲು ಈ ನಾಲ್ಕು ಅಂಕಿಗಳದ್ದು.

ಊರು ಕೈಸರ್ಸ್‌ಲೌಟರ್ನ್. ಹೆಸರು ನಾಲಿಗೆಯಲ್ಲಿ ಹೊರಳದೆ ಅಮೆರಿಕನ್ನರು ‘ಕೆ-ಟೌನ್’ ಮಾಡಿಕೊಂಡಿದ್ದಾರೆ. ಪಕ್ಕದಲ್ಲಿ ರಾಮ್‌ಸ್ಟೈನ್ ವಾಯುನೆಲೆ, ಲಾಂಡ್‌ಸ್ಟೂಲ್‌ನಲ್ಲಿ ಸೇನಾ ಆಸ್ಪತ್ರೆ, ಸುತ್ತಮುತ್ತ ಹೆಂಡಿರು ಮಕ್ಕಳು ಸೇರಿ ಸುಮಾರು 50,000 ಅಮೆರಿಕನ್ನರು. ನೆಲೆಯ ಗೇಟಿನೊಳಗೆ ಡಾಲರು, ಇಂಗ್ಲಿಷು, ನಮ್ಮ ಮಿಲಿಟರಿ ಕ್ಯಾಂಟೀನಿನಂಥ ತೆರಿಗೆಯಿಲ್ಲದ ಅಂಗಡಿ. ಗೇಟಿನಾಚೆ ಯೂರೋ, ಜರ್ಮನ್ನು, ಭಾನುವಾರ ಕದ ಹಾಕಿದ ಊರು. ಬಹಳ ಮಂದಿಗೆ ಬಾಡಿಗೆ ಮನೆ ಸಿಗುವುದು ಗೇಟಿನಾಚೆಯ ಹಳ್ಳಿಗಳಲ್ಲಿ. ಸಂಸಾರದ ಒಂದು ಕಾಲು ಒಳಗೆ, ಇನ್ನೊಂದು ಹೊರಗೆ, ಎಡವುವುದು ಹೊಸ್ತಿಲಲ್ಲೇ.

ಮೊದಲ ಬಲಿ ಹೇರ್ ಡ್ರೈಯರ್. ವಿಮಾನ ನಿಲ್ದಾಣದಲ್ಲಿ ಕೊಂಡ ಪುಟ್ಟ ಅಡಾಪ್ಟರಿಗೆ ಅಮೆರಿಕದ ಚಪ್ಪಟೆ ಪಿನ್ನು ಸಲೀಸಾಗಿ ಕೂರುತ್ತದೆ, ಅಡಾಪ್ಟರು ಗೋಡೆಗೆ ಸಲೀಸಾಗಿ ಕೂರುತ್ತದೆ. ಕೂತ ಮೇಲೆ ಸರಿಯಾಗಿದೆ ಎಂದೇ ಯಾರಾದರೂ ಅಂದುಕೊಳ್ಳುವುದು. ಆದರೆ ಅಡಾಪ್ಟರು ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ. ಕಾಯುವ ತಂತಿಗೆ ವೋಲ್ಟೇಜು ಹೆಚ್ಚುಕಮ್ಮಿ ಇಮ್ಮಡಿಯಾದರೆ ಶಾಖ ಇಮ್ಮಡಿಗೆ ನಿಲ್ಲುವುದಿಲ್ಲ. ಪಟ್ಟನ್ನು ಪಟ್ಟಿನಿಂದಲೇ ಗುಣಿಸಿದ ಲೆಕ್ಕದಲ್ಲಿ 3.7 ಪಟ್ಟಿನ ಹತ್ತಿರ ಹೋಗುತ್ತದೆ. 1,875 ವಾಟ್‌ನ ಡ್ರೈಯರ್ ಒಂದು ಕ್ಷಣ 6,900 ವಾಟ್‌ನ ಕುಲುಮೆಯಾಗುತ್ತದೆ. 16 ಆಂಪಿಯರ್‌ನ ಬ್ರೇಕರ್ ಟ್ರಿಪ್ ಆಗುವಷ್ಟರಲ್ಲಿ ಬಚ್ಚಲಿನ ತುಂಬ ಸುಟ್ಟ ಕೂದಲಿನ ವಾಸನೆ.

ಆಮೇಲೆ 230 ವೋಲ್ಟನ್ನು 120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರಿನ ಬೇಟೆ. ನೆಲೆಯ ಹಳೇ ಸಾಮಾನಿನ ಅಂಗಡಿಯಲ್ಲಿ, ವರ್ಗವಾಗಿ ಹೋದವರು ಬಿಟ್ಟುಹೋದವು ಸಾಲಾಗಿ ಕೂತಿರುತ್ತವೆ. ಒಳಗೆಲ್ಲ ಕಬ್ಬಿಣ, ತಾಮ್ರ. ದೊಡ್ಡದೊಂದನ್ನು ಎತ್ತುವುದೆಂದರೆ ರುಬ್ಬುಗುಂಡು ಎತ್ತಿದಂತೆಯೇ. ಕೊಳ್ಳುವ ಮೊದಲು ಪ್ರತಿ ಉಪಕರಣವನ್ನೂ ಬೋರಲು ಹಾಕಿ ತಳದ ಚೀಟಿ ಓದಬೇಕು. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಟ್ರಾನ್ಸ್‌ಫಾರ್ಮರ್ ಬೇಡ, ಪಿನ್ನು ಬದಲಿಸಿದರೆ ಸಾಕು. ಫೋನು, ಲ್ಯಾಪ್‌ಟಾಪ್ ಚಾರ್ಜರುಗಳೆಲ್ಲ ಸಾಮಾನ್ಯವಾಗಿ ಈ ಜಾತಿ. ‘120 ವೋಲ್ಟ್, 60 ಹರ್ಟ್ಸ್’ ಎಂದಷ್ಟೇ ಇದ್ದರೆ ಬೇಕು. ಚೀಟಿಯ ವಾಟಿಗೆ ಕಾಲುಭಾಗ ಸೇರಿಸಿ ಕೊಳ್ಳುವುದು ಜಾಣತನ. ಮೋಟಾರಿರುವ ವ್ಯಾಕ್ಯೂಮ್ ಕ್ಲೀನರ್‌ಗೆ ಇಮ್ಮಡಿ ಬೇಕು, ಯಾಕೆಂದರೆ ತಿರುಗಲು ಶುರುಮಾಡುವ ಗಳಿಗೆಯಲ್ಲಿ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ.

ಇಷ್ಟೆಲ್ಲ ಓದಿಕೊಂಡವರೂ ಮಾಡುವ ತಪ್ಪು ಒಂದಿದೆ. 1,000 ವಾಟ್‌ನ ಟ್ರಾನ್ಸ್‌ಫಾರ್ಮರಿಗೆ ಒಂದು ಎಕ್ಸ್‌ಟೆನ್ಶನ್ ಬಾಕ್ಸು, ಆ ಬಾಕ್ಸಿಗೆ 900 ವಾಟ್‌ನ ಕಾಫಿ ಯಂತ್ರ, ಅದರ ಪಕ್ಕದಲ್ಲೇ 850 ವಾಟ್‌ನ ಟೋಸ್ಟರು. ಒಂದೊಂದಾಗಿ ಹಾಕಿದರೆ ಎರಡೂ ಸಾಧು. ಶಾಲೆಯ ಬಸ್ಸು ಬರುವ ಹತ್ತು ನಿಮಿಷ ಮುಂಚೆ ಇಬ್ಬರು ಒಟ್ಟಿಗೆ ಎರಡನ್ನೂ ಒತ್ತುತ್ತಾರೆ. ಫ್ಯೂಸು ಹೋಗುತ್ತದೆ, ಕಾಫಿ ಅರ್ಧಕ್ಕೆ ನಿಲ್ಲುತ್ತದೆ, ಬ್ರೆಡ್ಡು ಬೆಳ್ಳಗೇ ಉಳಿಯುತ್ತದೆ. ಏನೂ ಉರಿಯದಿದ್ದಾಗಲೂ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತ, ಬೆಚ್ಚಗಾಗುತ್ತ ತನ್ನ ಪಾಲಿನ ಕರೆಂಟು ತಿನ್ನುತ್ತಲೇ ಇರುತ್ತದೆ. ಕೆಲಸ ಮುಗಿದ ಮೇಲೆ ಅದರ ಸ್ವಿಚ್ ಆರಿಸಬೇಕು. ಚಳಿಗಾಲದಲ್ಲಿ ಇದಕ್ಕೆ ವಿರೋಧ ಬರುವುದು ಅದರ ಮೇಲೆ ಮಲಗುವ ಬೆಕ್ಕಿನಿಂದ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. ಈ ಸಣ್ಣ ಸಂಗತಿ ಗೊತ್ತಾಗುವುದು ಬೆಳಿಗ್ಗೆ. ಅಮೆರಿಕದಿಂದ ತಂದ ಹಳೇ ಪ್ಲಗ್ಗಿನ ಅಲಾರಂ ಗಡಿಯಾರ ಸಮಯವನ್ನು ಅಳೆಯುವುದೇ ಕರೆಂಟಿನ ಮಿಡಿತ ಎಣಿಸಿ: 60 ಮಿಡಿತಕ್ಕೆ ಒಂದು ಸೆಕೆಂಡು. ಇಲ್ಲಿ ಸೆಕೆಂಡಿಗೆ ಸಿಗುವುದು 50. ಅಲ್ಲಿಗೆ ನಿಜವಾದ ಒಂದು ಗಂಟೆಯಲ್ಲಿ ಅದು 50 ನಿಮಿಷವಷ್ಟೇ ನಡೆಯುತ್ತದೆ. ರಾತ್ರಿ ಹತ್ತಕ್ಕೆ ಸರಿಯಾಗಿ ಹೊಂದಿಸಿ ಆರಕ್ಕೆ ಅಲಾರಂ ಇಟ್ಟರೆ, ಅದರ ಎಂಟು ಗಂಟೆ ಮುಗಿಯುವುದಕ್ಕೆ ನಮ್ಮ ಒಂಬತ್ತು ಗಂಟೆ 36 ನಿಮಿಷ ಬೇಕು. ಬಾರಿಸುವುದು ಬೆಳಿಗ್ಗೆ 7.36ಕ್ಕೆ. ಗಂಡ ಆರೂವರೆಯ ಕವಾಯತಿಗೆ ಹಾಜರಿರಬೇಕಾದವನು. ಗಡಿಯಾರ ಕೆಟ್ಟಿಲ್ಲ, ದೇಶ ಬದಲಾಗಿದೆ ಎಂಬ ವಿವರಣೆಯನ್ನು ಯಾವ ಸಾರ್ಜೆಂಟೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಬ್ಯಾಟರಿಯ ಗಡಿಯಾರಕ್ಕೆ ಈ ರೋಗವಿಲ್ಲ. ಅಮೆರಿಕದ ಮೈಕ್ರೋವೇವನ್ನಂತೂ ತರಲೇಬಾರದು: ಅದು 50 ಹರ್ಟ್ಸಿನಲ್ಲಿ ಒಳಗೊಳಗೇ ಬಿಸಿಯಾಗಿ ಬೇಗ ಸಾಯುತ್ತದೆ.

ಈ ವಿಷಯದಲ್ಲಿ ಗೆಲ್ಲುವ ಒಬ್ಬಳೇ ಒಬ್ಬಳೆಂದರೆ ಅಮೆರಿಕದ ಸೈನಿಕನನ್ನು ಮದುವೆಯಾಗಿ ಇಲ್ಲಿಗೆ ಬಂದ ಕನ್ನಡತಿ. ಅಮೆರಿಕಕ್ಕೆಂದೇ ಮಾಡಿದ 110 ವೋಲ್ಟಿನ ಮಿಕ್ಸಿ ಅಟ್ಟಕ್ಕೆ ಹೋಗುತ್ತದೆ. ಬೆಂಗಳೂರಿನಿಂದ ಅಮ್ಮ ಕಟ್ಟಿಕೊಟ್ಟ ಮಾಮೂಲಿ ಮಿಕ್ಸಿ ಹುಟ್ಟಿದ್ದೇ 230 ವೋಲ್ಟ್, 50 ಹರ್ಟ್ಸಿಗೆ. ನಮ್ಮ ಮೂರು ದುಂಡು ಪಿನ್ನನ್ನು ಹಿಡಿಸುವ, ಅರ್ತಿಂಗ್ ಇರುವ ಅಡಾಪ್ಟರ್ ಒಂದಿದ್ದರೆ ಕಾಯಿಚಟ್ನಿ ಸಲೀಸು. ಅದನ್ನು ಭಾನುವಾರ ಬೆಳ್ಳಂಬೆಳಿಗ್ಗೆ ರುಬ್ಬಬಾರದು ಅಷ್ಟೆ.

ಭಾನುವಾರ ಮೌನದ ದಿನ. ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಬೀದಿ ಮೂಲೆಯ ಡಬ್ಬಕ್ಕೆ ಗಾಜಿನ ಬಾಟಲಿ ಹಾಕುವಂತಿಲ್ಲ. ಉಳಿದ ದಿನ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿಲ್ಲ. ಹೊಸಬರಿಗೆ ಇದನ್ನು ಕಲಿಸುವುದು ಎದುರುಮನೆಯ ಅಜ್ಜಿ. ಕದ ತಟ್ಟಿ, ನಗುತ್ತಲೇ, ಕೈಗಡಿಯಾರ ತೋರಿಸಿ ಹೋಗುತ್ತಾಳೆ.

ಬಾಡಿಗೆ ಮನೆಯ ಚಾವಣಿಯಲ್ಲಿ ದೀಪವಿರುವುದಿಲ್ಲ, ಎರಡು ತಂತಿ ನೇತಾಡುತ್ತಿರುತ್ತವೆ. ಹಿಂದಿನವರು ಬಲ್ಬನ್ನು ಹೋಲ್ಡರ್ ಸಮೇತ ಬಿಚ್ಚಿಕೊಂಡು ಹೋಗುವುದು ಇಲ್ಲಿನ ಪದ್ಧತಿ. ಕೆಲವು ಮನೆಯಲ್ಲಿ ಅಡುಗೆಮನೆ ಎಂದರೆ ನಲ್ಲಿ ಪೈಪಿನ ಬಾಯಿ ಮಾತ್ರ. ಬಟ್ಟೆ ಬೀರು ಗೋಡೆಯಲ್ಲಿಲ್ಲ. ಸೇನೆಯ ವಸತಿ ಕಚೇರಿಯಿಂದ ಎರವಲು ತರಬೇಕು. ಒಲೆಯ ಮೇಲೆ ಸೆಲ್ಸಿಯಸ್, ಅಮ್ಮನ ಪಾಕದ ಚೀಟಿಯಲ್ಲಿ ಫ್ಯಾರನ್‌ಹೀಟ್: 350 ಎಂದು ಬರೆದದ್ದು ಇಲ್ಲಿ 177. ಒವನ್ನಿನ ಹೊರಮೈಯೇ 60 ಸೆಂಟಿಮೀಟರ್ ಅಗಲ, ಹಾಗಾಗಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದೊಡ್ಡ ಟರ್ಕಿ ಕೋಳಿಯನ್ನು ಹಿಂದಿನ ರಾತ್ರಿಯೇ ಒವನ್ನಿಗೆ ಇಟ್ಟು ಅಳತೆ ನೋಡುವುದು ಒಳ್ಳೆಯದು. ಅತಿಥಿಗಳೆದುರು ಕಾಲು ಮುರಿಯುವುದು ಚೆನ್ನಾಗಿರುವುದಿಲ್ಲ.

ಇನ್ನು ಸಾಮಾನು. ನಮ್ಮ ಕೊಡಗಿನ ಫೌಜಿ ಮನೆಗಳಲ್ಲಿ ಹೆಸರು, ನಂಬರು ಬರೆದ ಕಬ್ಬಿಣದ ಟ್ರಂಕುಗಳನ್ನು ಕಂಡವರಿಗೆ ಅಮೆರಿಕದ ಏರ್ಪಾಟು ರಾಜವೈಭವ ಅನ್ನಿಸೀತು: ಪ್ಯಾಕರ್‌ಗಳೇ ಬಂದು ಎಲ್ಲವನ್ನೂ ಸುತ್ತುತ್ತಾರೆ. ‘ಎಲ್ಲವನ್ನೂ’ ಎಂಬುದೇ ತೊಂದರೆ. ಕಸದ ಬುಟ್ಟಿಯನ್ನು ಕಸದ ಸಮೇತ ಕಾಗದದಲ್ಲಿ ಸುತ್ತಿ, ಪಟ್ಟಿಯಲ್ಲಿ ಬರೆದು, ಹಡಗು ಹತ್ತಿಸುತ್ತಾರೆ. ಎರಡು ತಿಂಗಳು ಕಳೆದು ಅದನ್ನು ಬಿಚ್ಚುವವಳಿಗೆ ಬಾಳೆಹಣ್ಣಿನ ಸಿಪ್ಪೆಯ ಆಯುಷ್ಯದ ಬಗ್ಗೆ ಹೊಸ ಜ್ಞಾನ ಸಿಗುತ್ತದೆ. ಪಾಸ್‌ಪೋರ್ಟು, ವರ್ಗಾವಣೆ ಆದೇಶ, ಔಷಧಿ, ಕಾರಿನ ಕೀಲಿ ಇವನ್ನು ಒಂದು ಬಚ್ಚಲಿಗೆ ಹಾಕಿ ಬೀಗ ಜಡಿದು ಬಾಗಿಲಿಗೆ ‘ಪ್ಯಾಕ್ ಮಾಡಬೇಡಿ’ ಎಂದು ಚೀಟಿ ಅಂಟಿಸಬೇಕು. ಬೀಗವಿಲ್ಲದ ಬರೀ ಚೀಟಿಯಾದರೆ ಚೀಟಿಯೂ ಪ್ಯಾಕಾಗುತ್ತದೆ. ಪಟ್ಟಿಯಲ್ಲಿ ಪ್ರತಿ ಸಾಮಾನಿನ ಮುಂದೆ ಸಂಕೇತಗಳಿರುತ್ತವೆ: ‘ಎಸ್‌ಸಿ’ ಎಂದರೆ ಗೀರು, ‘ಸಿಎಚ್’ ಎಂದರೆ ಚೂರೆದ್ದಿದೆ, ‘ಪಿಬಿಒ’ ಎಂದರೆ ಮನೆಯವರೇ ಪ್ಯಾಕ್ ಮಾಡಿದ್ದು, ಒಡೆದರೆ ನಮ್ಮನ್ನು ಕೇಳಬೇಡಿ. ಹೊಸ ಮೇಜಿನ ಮುಂದೆ ‘ಎಸ್‌ಸಿ’ ಬರೆದಿದ್ದರೆ ಸಹಿ ಹಾಕುವ ಮುನ್ನವೇ ಜಗಳವಾಡಬೇಕು. ಸಹಿ ಬಿದ್ದ ಮೇಲೆ ಆ ಗೀರು ಮೊದಲಿನಿಂದ ಇದ್ದದ್ದು ಎಂದೇ ಅರ್ಥ. ಪ್ಯಾಕರ್‌ಗಳು ಕುರ್ಚಿಯ ತಳಕ್ಕೆ ಅಂಟಿಸಿದ ಬಣ್ಣದ ನಂಬರ್ ಚೀಟಿಗಳು ಮಾತ್ರ ಎಂದೂ ಕಿತ್ತುಬರುವುದಿಲ್ಲ. ನಾಲ್ಕು ಬಣ್ಣ ಕಂಡರೆ ನಾಲ್ಕು ವರ್ಗ ಕಂಡ ಕುರ್ಚಿ.

ಕಸದ ವಿಷಯ ಬಂದಿತಲ್ಲ. ಪ್ಯಾಕಿಂಗಿನ ಪ್ಲಾಸ್ಟಿಕ್ಕು, ಡಬ್ಬಿ ಹಳದಿ ಚೀಲಕ್ಕೆ, ಕಾಗದ ಬೇರೆ, ಅಡುಗೆಯ ಕಸ ಬೇರೆ, ಇದ್ಯಾವುದೂ ಅಲ್ಲದ್ದು ಇನ್ನೊಂದಕ್ಕೆ, ಗಾಜಿನಲ್ಲಿ ಬಿಳಿ, ಹಸಿರು, ಕಂದು ಎಂದು ಮತ್ತೆ ಮೂರು. ಅದನ್ನು ಕಲಿಯಬಹುದು. ಕಲಿಯಲು ಕಷ್ಟವಾದದ್ದು ಡಬ್ಬಿಯನ್ನು ಹಿಸುಕದೇ ಇರುವುದು. ಸೋಡಾ ಕುಡಿದು ಡಬ್ಬಿಯನ್ನು ಮುಷ್ಟಿಯಲ್ಲಿ ಅಪ್ಪಚ್ಚಿ ಮಾಡುವುದು ಅಮೆರಿಕದ ಕೈಗಂಟಿದ ಚಟ. ಇಲ್ಲಿ ಒಂದೊಂದು ಡಬ್ಬಿಗೂ 25 ಸೆಂಟ್ ಠೇವಣಿ ಕಟ್ಟಿರುತ್ತೀರಿ. ಅಂಗಡಿಯ ಯಂತ್ರ ಬಾರ್‌ಕೋಡ್ ಓದಿದರೆ ಮಾತ್ರ ದುಡ್ಡು ವಾಪಸು. ಅಪ್ಪಚ್ಚಿಯಾದದ್ದನ್ನು ಯಂತ್ರ ಮೂಸಿ ನೋಡಿ ಹೊರಕ್ಕೆ ತಳ್ಳುತ್ತದೆ. ಜಾಗ್ರತೆಯಿಂದ ದುಂಡಗೆ ಉಳಿಸಿ ತಂದ ಡಬ್ಬಿಯನ್ನೂ ಕೆಲವೊಮ್ಮೆ ತಳ್ಳುತ್ತದೆ: ಅದು ನೆಲೆಯ ಅಂಗಡಿಯಲ್ಲಿ ಕೊಂಡದ್ದು, ಠೇವಣಿಯ ಗುರುತೇ ಅದರ ಮೇಲಿಲ್ಲ. ಹಿಂದೆ ಎರಡು ದೊಡ್ಡ ಚೀಲ ಹಿಡಿದ ಜರ್ಮನ್ ತಾತ ನಿಂತಿರುತ್ತಾನೆ. ಅದೇ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನಾಲ್ಕು ಸಲ ತುರುಕಿದ ಮೇಲೆ ತಾತ ಒಂದು ಉದ್ದದ ಉಸಿರು ಬಿಡುತ್ತಾನೆ. ಆ ಉಸಿರಿಗೆ ಅನುವಾದ ಬೇಡ.

ಕಾಫಿಗೆ ರೇಷನ್ ಕಾರ್ಡು ಇದೆ ಎಂದರೆ ಚಿಕ್ಕಮಗಳೂರಿನವರು ನಂಬಲಿಕ್ಕಿಲ್ಲ. ಜರ್ಮನಿಯಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಪ್ರತ್ಯೇಕ ತೆರಿಗೆ. ನೆಲೆಯ ಅಂಗಡಿಯಲ್ಲಿ ಅದಿಲ್ಲ. ಹಾಗಾಗಿ ಸಿಗರೇಟು, ಮದ್ಯದ ಜತೆ ಕಾಫಿಗೂ ಮಿತಿ. ಅಜ್ಜಿಯನ್ನು ಮನೆಗೆ ಕರೆದು ಎಷ್ಟು ಲೋಟವಾದರೂ ಕುಡಿಸಿ. ಪ್ರೀತಿಯಿಂದ ಪೊಟ್ಟಣವನ್ನೇ ಕೈದಾಟಿಸಲು ಹೋದರೆ ನಡುವೆ ಕಸ್ಟಮ್ಸ್ ನಿಯಮ ಬಂದು ನಿಲ್ಲುತ್ತದೆ. ಊರ ಅಂಗಡಿಯಲ್ಲಿ ಕೊಳ್ಳುವಾಗಲೂ 19 ಶೇಕಡಾ ವ್ಯಾಟ್ ಉಳಿಸುವ ಫಾರಂ ಸಿಗುತ್ತದೆ: 476 ಯೂರೋದ ಮೇಜು 400ಕ್ಕೆ. ಫಾರಂ ತೋರಿಸಬೇಕಾದ್ದು ದುಡ್ಡು ಕೊಡುವ ಮುಂಚೆ. ಅದು ಇರುವುದು ಕಾರಿನಲ್ಲಿ. ಕಾರು ಇರುವುದು ಗಂಡನ ಹತ್ತಿರ.

ಗಂಡನಿಗೆ ಕಾಗದಪತ್ರದಲ್ಲಿ ‘ಸ್ಪಾನ್ಸರ್’ ಎಂದು ಹೆಸರು, ಹೆಂಡತಿಗೆ ‘ಡಿಪೆಂಡೆಂಟ್’. ಈ ಅವಲಂಬಿತೆಯ ಮೇಲೆ ಮನೆಯೆಲ್ಲ ಅವಲಂಬಿಸುವುದು ಸ್ಪಾನ್ಸರ್ ಬೇರೆಲ್ಲಿಗೋ ಆರು ತಿಂಗಳ ಕರ್ತವ್ಯಕ್ಕೆ ಹೊರಟ ವಾರ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ, ಮಗುವಿಗೆ ಜ್ವರ, ಬಾಡಿಗೆ ಕರಾರು ಗಂಡನ ಹೆಸರಿನಲ್ಲಿ. ಪವರ್ ಆಫ್ ಅಟಾರ್ನಿ ಬರೆಸಿಕೊಂಡಿರುತ್ತಾಳೆ, ಅದು ಸಾಮಾನ್ಯ ಸ್ವರೂಪದ್ದು. ಬ್ಯಾಂಕಿನವರಿಗೆ ಬೇಕಾದ್ದು ಇಂಥದ್ದೇ ಕೆಲಸಕ್ಕೆ ಎಂದು ಬರೆದದ್ದು. ಎರಡೂ ಮಾಡಿಸಿಟ್ಟುಕೊಳ್ಳಬೇಕು, ಮುಗಿಯುವ ತಾರೀಖು ಅವನು ಬರುವ ತಾರೀಖಿಗಿಂತ ಎರಡು ತಿಂಗಳಾದರೂ ಆಚೆಗಿರಬೇಕು.

ಅದೇ ವಾರ ಮನೆ ತಣ್ಣಗಾಗುತ್ತದೆ. ಮನೆ ಕಾಯಿಸುವ ಬರ್ನರ್‌ಗೆ ಎಣ್ಣೆ ಕೊಡುವ ನೆಲಮಾಳಿಗೆಯ ಟ್ಯಾಂಕು ಖಾಲಿ. ಬಾಡಿಗೆದಾರರೇ ತುಂಬಿಸಬೇಕು, 500 ಲೀಟರಿಗಿಂತ ಕಡಿಮೆಗೆ ಟ್ಯಾಂಕರಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಪ್ಪಿದರೂ ದರ ಕಚ್ಚುತ್ತದೆ. ಬಂದು ತುಂಬಿಸಿದರು ಎನ್ನಿ, ಒಡನೆ ಬರ್ನರ್ ಹಚ್ಚುವುದು ಎಲ್ಲರೂ ಮಾಡುವ ಕೆಲಸ. ಹೊಸ ಎಣ್ಣೆ ಬಿದ್ದ ರಭಸಕ್ಕೆ ತಳದ ಗಷ್ಟು ಎದ್ದಿರುತ್ತದೆ. ಅದು ಫಿಲ್ಟರಿಗೆ ಹೋಗಿ ಕೂರುತ್ತದೆ. ತುಂಬಿಸುವಾಗ ಬರ್ನರ್ ಆರಿಸಿ, ಕೆಲವು ಗಂಟೆ ತಿಳಿಯಾಗಲು ಬಿಡಬೇಕು. ಪೂರ್ತಿ ಬತ್ತಿದ್ದ ಟ್ಯಾಂಕಾದರೆ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಬರ್ನರ್ ಎರಡು ಸಲ ಕೆಮ್ಮಿ, ಕೆಂಪು ದೀಪ ಹಚ್ಚಿ ಮುಷ್ಕರ ಹೂಡುತ್ತದೆ. ರೀಸೆಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಾರದು, ಉರಿಯದ ಎಣ್ಣೆ ಒಳಗೆ ಸೇರುತ್ತದೆ. ಗಾಳಿ ತೆಗೆಯುವವನನ್ನು ಕರೆಸಬೇಕು. ಅವನು ಬರುವುದು ಸೋಮವಾರ. ಇವತ್ತು ಶುಕ್ರವಾರ ಮಧ್ಯಾಹ್ನ. ಅಮೆರಿಕದಲ್ಲಿರುವ ಅಮ್ಮನಿಗೆ ಫೋನು ಮಾಡಿ ಅಳೋಣವೆಂದರೆ ಪೂರ್ವ ಕರಾವಳಿಗೆ ಆರು ಗಂಟೆಯ ಅಂತರ. ಮಾರ್ಚಿನಲ್ಲಿ ಎರಡು ಮೂರು ವಾರ ಐದು, ಯಾಕೆಂದರೆ ಬೇಸಿಗೆಗೆಂದು ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದು ಆ ತಿಂಗಳ ಎರಡನೇ ಭಾನುವಾರ, ಜರ್ಮನಿ ಕೊನೇ ಭಾನುವಾರ.

ಅಮ್ಮ ಕಳಿಸಿದ ಪಾರ್ಸಲು ವಾರಗಟ್ಟಲೆ ಕಾಯಿಸುತ್ತದೆ. ಸೇನಾ ಅಂಚೆಗೆ ‘ಎಪಿಒ, ಎಇ’ ಎಂದು ಬರೆದು, 09ರಿಂದ ಶುರುವಾಗುವ ಪಿನ್‌ಕೋಡ್ ಹಾಕಿದರೆ ದೇಶದೊಳಗಿನ ದರದಲ್ಲೇ ಬರುತ್ತದೆ. ಇರಲಿ ಎಂದು ಅಮ್ಮ ಕೆಳಗೆ ‘ಜರ್ಮನಿ’ ಎಂದು ಸೇರಿಸಿದರೆ ಕೆಟ್ಟಿತು, ಪೊಟ್ಟಣ ವಿದೇಶಿ ಅಂಚೆಯ ದಾರಿ ಹಿಡಿಯುತ್ತದೆ.

ಮೂರನೇ ವರ್ಷ ಮುಗಿಯುವ ಹೊತ್ತಿಗೆ ಡಬ್ಬಿ ಹಿಸುಕುವುದು ನಿಂತಿರುತ್ತದೆ, ಟ್ಯಾಂಕಿನ ಮುಳ್ಳು ಕಾಲುಭಾಗಕ್ಕೆ ಬರುವ ಮೊದಲೇ ಎಣ್ಣೆಯವನಿಗೆ ಫೋನು ಹೋಗಿರುತ್ತದೆ. ಆಗ ಆದೇಶ ಬರುತ್ತದೆ: ಜಪಾನಿನ ಯೊಕೊಸುಕ. ಟ್ರಾನ್ಸ್‌ಫಾರ್ಮರ್ ಹಳೇ ಸಾಮಾನಿನ ಅಂಗಡಿಗೆ ವಾಪಸು. ಜಪಾನಿನಲ್ಲಿ 100 ವೋಲ್ಟು, ಚಪ್ಪಟೆ ಎರಡು ಪಿನ್ನು, ಅಮೆರಿಕದ ಪ್ಲಗ್ಗು ನೇರ ಗೋಡೆಗೆ ಕೂರುತ್ತದೆ. ಡ್ರೈಯರಿನಲ್ಲಿ ಶಾಖ ಮೂರನೇ ಎರಡು ಪಾಲಷ್ಟೇ ಬರುತ್ತದೆ, ತಲೆ ಒಣಗುವುದು ನಿಧಾನ, ಅಷ್ಟೆ. ಅಟ್ಟದಲ್ಲಿದ್ದ ಅಲಾರಂ ಗಡಿಯಾರವನ್ನು ಒರೆಸಿ ಹಾಸಿಗೆಯ ಪಕ್ಕ ಇಡಬಹುದು. ಆದರೆ ಜಪಾನು ಹರ್ಟ್ಸಿನಲ್ಲಿ ಎರಡು ಹೋಳು: ಪಶ್ಚಿಮಕ್ಕೆ 60, ಪೂರ್ವಕ್ಕೆ 50. 60 ಇರುವ ಓಕಿನಾವಾ ದ್ವೀಪಕ್ಕೆ ಹಾಕಿದ್ದರೆ ಬಚಾವು. ಯೊಕೊಸುಕ ಪೂರ್ವದಲ್ಲಿದೆ.